ಪತ್ರಿಕಾ ಕಾಯಕದ ಪಾಟೀಲ ಪುಟ್ಟಪ್ಪನವರು

(ಮಠದ ಮಹೋತ್ಸವ ಸಭೆಯಲ್ಲಿ ಮಾಡಿದ ಉಪನ್ಯಾಸ)



ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರೈಲುದಾರಿಯು ಕಡೂರು, ಬೀರೂರು, ಅಜ್ಜಂಪುರಗಳನ್ನು ಹಾದು ದಾವಣಗೆರೆ ಹರಿಹರಗಳನ್ನು ಮುಟ್ಟುವುದು. ಅಲ್ಲಿ ತುಂಗಭದ್ರೆಯನ್ನು ದಾಟಿ ರಾಣೆಬೆನ್ನೂರು, ಬ್ಯಾಡಗಿ, ಹಾವೇರಿಗಳ ಮೇಲೆ ಮುಂದುವರಿಯುವುದು. ಬೀರೂರಿನಲ್ಲಿ ಕವಲೊಡೆದು ತರೀಕೆರೆಯ ಮೇಲೆ ಶಿವಮೊಗ್ಗೆಗೆ ಹೋಗುವ ಹಾದಿಯು 1899ರಲ್ಲಿ ತೆರೆಯಿತು. ತರೀಕೆರೆ ಸೀಮೆಯ ಲಕ್ಕವಳ್ಳಿಯನ್ನು ಹಾದು ಬರುವ ಭದ್ರೆಯೂ ಕೂಡಲಿಯಲ್ಲಿ ತುಂಗೆಯನ್ನು ಸೇರಿ ಹರಿಹರದ ಸೇತುವೆಯ ಕೆಳಗೇ ಹರಿಯುವಳು. ಹೀಗೆ ಕಬ್ಬಿಣದ ಹಾದಿಯೂ ನೀರಿನ ಹಾದಿಯೂ ಈ ಸೀಮೆಯನ್ನು ಆಚೆಯ ಸೀಮೆಯೊಡನೆ ಹೆಣೆದಿದ್ದರೂ, 1956ರ ವರೆಗೆ ಆ ಸೇತುವೆಯ ಈಚೆಯದು ಮೈಸೂರು, ಆಚೆಯದು ಮುಂಬಯಿ ಎಂದೇ ಎಣಿಕೆಯಾಗಿದ್ದಿತು. ಈಚೆಗೆ ಅಮಲ್ದಾರರು, ಆಚೆಗೆ ಮಾಮಲೇದಾರರು. ಈಚೆಗೆ ಶ್ಯಾನುಭೋಗರು, ಆಚೆಗೆ ಕುಲಕರ್ಣಿಗಳು. ಈಚೆಗೆ ಪಟೇಲರು, ಆಚೆಗೆ ಪಾಟೀಲರು. ಆಡುವ ಮಾತು ಒಂದೇ, ಪೂಜಿಸುವ ಲಿಂಗ ಒಂದೇ, ಹೆಣ್ಣು ಕೊಟ್ಟು ತರುವ ಸಂಬಂಧವೂ ಇದ್ದಿತು; ಸರ್ಕಾರ ಮಾತ್ರ ಎರಡು.

ಆಚೆಯ ದಡದ ಪಾಟೀಲರ ಮನೆತನಗಳಲ್ಲೊಂದರಲ್ಲಿ ಹುಟ್ಟಿದವರೇ ಈ ದಿನದ ಉಪನ್ಯಾಸಕ್ಕೆ ವಿಷಯರಾದ ಪಾಟೀಲ ಪುಟ್ಟಪ್ಪನವರು. 1921ನೆಯ ಇಸವಿ ಜನವರಿ 14ರಂದು ಹಾವೇರಿ ತಾಲ್ಲೂಕಿನ ಕುರಬಗೊಂಡದಲ್ಲಿ ಅವರ ಜನನ. ಹಲಗೇರಿ, ಬ್ಯಾಡಗಿ, ಹಾವೇರಿಗಳಲ್ಲಿ ಮೊದಲ ವಿದ್ಯಾಭ್ಯಾಸ. ಆಮೇಲೆ ಧಾರವಾಡದ ಕರ್ನಾಟಕ ಕಾಲೇಜು. ಬೆಳಗಾವಿಯಲ್ಲಿ ಕಾನೂನಿನ ವ್ಯಾಸಂಗ. ಹೆಸರಿನ ಎರಡು ಮೊದಲಕ್ಷರಗಳು ಕೂಡಿ 'ಪಾಪು' ಎಂದಾಗುತ್ತಿದ್ದುದರಿಂದ ನಾಡೆಲ್ಲ ಅವರನ್ನು ಹಾಗೆಯೇ ಕರೆಯಿತು. ಗಡುಸಾದ ಧ್ವನಿಯ, ನಿಷ್ಠುರವಾದ ಮಾತಿನ ಮನುಷ್ಯನಿಗೆ ಕೂಸಿನ ಹೆಸರು ಅಂಟಿಕೊಂಡುದು ವಿನೋದವೇ ಸರಿ.

ವಕೀಲಿಯನ್ನು ಕಲಿತು ಬಂದವರು ಪತ್ರಿಕೆಯ ಕಡೆಗೆ ತಿರುಗಿದುದು ಆ ಕಾಲದಲ್ಲಿ ಲಾಭದ ದೃಷ್ಟಿಯಿಂದ ಜಾಣತನವೆನಿಸಿಕೊಳ್ಳುವ ಕಾರ್ಯವಾಗಿರಲಿಲ್ಲ. ಆದರೆ ಅದಕ್ಕೆ ಮೇಲ್ಪಂಕ್ತಿಯಿಲ್ಲದೆ ಇರಲಿಲ್ಲ. ಇದೇ ರೈಲುದಾರಿಯ ದಾವಣಗೆರೆಯಲ್ಲಿ ಹರ್ಡೇಕರ ಮಂಜಪ್ಪನವರು 1906ರಲ್ಲಿ 'ಧನುರ್ಧಾರಿ'ಯನ್ನು ಹೊರಡಿಸಿದ್ದರು. ಅವರು ಪತ್ರಿಕೆ ಪ್ರಾರಂಭಿಸಿದ ಎರಡು ವರ್ಷಗಳಲ್ಲಿಯೇ, ಎಂದರೆ 1908ರಲ್ಲಿ, ಮೈಸೂರು ಸರ್ಕಾರವು ವೃತ್ತಪತ್ರಿಕೆಗಳ ಮೇಲೆ ಕಟ್ಟುನಿಟ್ಟಾದ ಕಾಯಿದೆಯೊಂದನ್ನು ಹೇರಿದ್ದಿತು. ವಿಜಾಪುರದಲ್ಲಿ ಫ. ಗು. ಹಳಕಟ್ಟಿಯವರು ಮುಂಬಯಿಯ ಶಾಸನಸಭೆಯಲ್ಲಿ ಕುಳಿತು ಬಂದವರಾದರೂ, 'ಶಿವಾನುಭವ' ಪತ್ರಿಕೆಗಾಗಿಯೂ 'ನವಕರ್ನಾಟಕ'ಕ್ಕಾಗಿಯೂ ತಮ್ಮ ಸಂಪಾದನೆಯನ್ನೆಲ್ಲ ಸವೆಸಿದರು. ಪತ್ರಿಕೆಯು ವ್ಯಾಪಾರವಲ್ಲ, ಕಾಯಕ ಎಂಬ ಭಾವನೆಯು ಶರಣಧರ್ಮದ ನೆಲದಲ್ಲಿ ಹೊಸದಲ್ಲ.

ಪುಟ್ಟಪ್ಪನವರು ಕೈಗೆತ್ತಿಕೊಂಡ ಮೊದಲ ಮುಖ್ಯ ಪತ್ರಿಕೆಯ ಹೆಸರು 'ವಿಶಾಲ ಕರ್ನಾಟಕ'. ದೇಶಕ್ಕೆ ಸ್ವಾತಂತ್ರ್ಯ ಬಂದ 1947ರ ಸುಮಾರಿನಲ್ಲಿ ಹುಬ್ಬಳ್ಳಿಯಿಂದ ಅದು ಹೊರಡುತ್ತಿದ್ದಿತು. ಆ ಹೆಸರನ್ನು ಇಂದು ಓದುವವರಿಗೆ ಅದರ ಕಾವು ತಿಳಿಯಲಾರದು. ಅಂದು ಕರ್ನಾಟಕವೆಂಬ ರಾಜ್ಯವೇ ಇರಲಿಲ್ಲ. ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಕನ್ನಡಿಗರು ಹಂಚಿಹೋಗಿದ್ದರು. ಇಲ್ಲದ ನಾಡಿನ ಹೆಸರನ್ನು ಪತ್ರಿಕೆಯ ನೆತ್ತಿಯ ಮೇಲೆ ದಿನದಿನವೂ ಅಚ್ಚುಹಾಕುವುದೇ ಒಂದು ರಾಜಕಾರಣ. 1949ರಲ್ಲಿ ಅವರು ಅಮೆರಿಕಕ್ಕೆ ತೆರಳಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮದ ಉನ್ನತ ವ್ಯಾಸಂಗ ಮಾಡಿದರು. ಹಿಂದಿರುಗಿದ ಮೇಲೆ 'ನವಯುಗ'. 1954ರಲ್ಲಿ ಅವರ ಹೆಸರಿನೊಡನೆ ಬೇರ್ಪಡಿಸಲಾರದಂತೆ ಬೆಸೆದುಕೊಂಡ 'ಪ್ರಪಂಚ' ವಾರಪತ್ರಿಕೆ. ಮುಂದೆ 'ಸಂಗಮ' ಮಾಸಪತ್ರಿಕೆ, 'ವಿಶ್ವವಾಣಿ' ದಿನಪತ್ರಿಕೆ. ಹೊರದೇಶದಲ್ಲಿ ಕಲಿತು ಬಂದವರು ಇಂಗ್ಲಿಷ್ ಪತ್ರಿಕೆಯ ಪೀಠವನ್ನು ಅರಸದೆ, ಕನ್ನಡದ ವಾರಪತ್ರಿಕೆಗೆ ಪ್ರಪಂಚವೆಂದು ಹೆಸರಿಟ್ಟರು. ಹಳ್ಳಿಯ ಓದುಗನಿಗೆ ಪ್ರಪಂಚದ ಸುದ್ದಿಯನ್ನು ಅವನ ಮಾತಿನಲ್ಲಿಯೇ ತಲುಪಿಸಬೇಕೆಂಬ ಹಟ ಅದರಲ್ಲಿದ್ದಿತು.

ಏಕೀಕರಣದ ಮಾತನ್ನು ಈ ಸೀಮೆಯಲ್ಲಿ ಆಡುವಾಗ ಸ್ವಲ್ಪ ನಿಂತು ಆಡಬೇಕಾಗುವುದು. ರಾಣೆಬೆನ್ನೂರಿನವರಿಗಿದ್ದ ಹಸಿವು ಕಡೂರಿನವರಿಗೆ ಇರಲಿಲ್ಲ. ಅದಕ್ಕೆ ಕಾರಣವೂ ಉಂಟು. ಮೈಸೂರು ಸೀಮೆಯ ರೈತನು ತಾಲ್ಲೂಕು ಕಚೇರಿಗೆ ಹೋದರೆ ಅಲ್ಲಿ ಕನ್ನಡದ ಕಾಗದವನ್ನೇ ಕಾಣುತ್ತಿದ್ದನು; ಅರಸರೂ ಕನ್ನಡದವರೆಂಬ ಅಭಿಮಾನವಿದ್ದಿತು; 1881ರಿಂದ ಪ್ರಜಾಪ್ರತಿನಿಧಿ ಸಭೆಯೂ ನಡೆದುಬಂದಿದ್ದಿತು. 1947ರ ವರೆಗೆ ಈ ಜಿಲ್ಲೆಯ ಹೆಸರೇ ಕಡೂರು ಜಿಲ್ಲೆಯಾಗಿದ್ದುದನ್ನು ಇಲ್ಲಿಯ ಹಿರಿಯರು ಇಂದಿಗೂ ಹೆಮ್ಮೆಯಿಂದ ಹೇಳುವುದುಂಟು. ಧಾರವಾಡದ ಕಡೆಯವರ ಪಾಡು ಬೇರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಕನ್ನಡದ ಮಕ್ಕಳಿಗೆ ಮರಾಠಿಯ ಶಾಲೆಗಳೇ ಗತಿಯಾಗಿದ್ದುವು. ಡೆಪ್ಯುಟಿ ಚೆನ್ನಬಸಪ್ಪನವರಂತಹ ಪುಣ್ಯಾತ್ಮರು ಊರೂರು ತಿರುಗಿ ಕನ್ನಡ ಶಾಲೆಗಳನ್ನು ಬೆಳೆಸಬೇಕಾಯಿತು, 1890ರಲ್ಲಿ ರಾ. ಹ. ದೇಶಪಾಂಡೆಯವರು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಕಟ್ಟಬೇಕಾಯಿತು. ಉಂಡವನಿಗೆ ಹಸಿದವನ ಅವಸರ ಅತಿಯೆಂದು ತೋರುವುದು ಸಹಜ. ಒಳ್ಳೆಯ ನೀರಾವರಿ, ವಿದ್ಯುತ್ತು, ಕಾರ್ಖಾನೆಗಳುಳ್ಳ ಮೈಸೂರಿನ ಗಂಟು ಬಡ ಸೀಮೆಗಳ ಪಾಲಾದೀತೆಂದು ಹಳೆಯ ಮೈಸೂರಿನಲ್ಲಿ ಅನೇಕರು ಅಂಜಿದರು.

ಇನ್ನೊಂದು ಅಂಜಿಕೆಯೂ ಇದ್ದಿತು. ವೀರಶೈವ ಲಿಂಗಾಯತರ ಮಠದಲ್ಲಿ ಅದನ್ನು ಮುಚ್ಚಿಟ್ಟು ಮಾತನಾಡುವುದು ಸಲ್ಲದು. ಉತ್ತರದ ಜಿಲ್ಲೆಗಳು ಸೇರಿದರೆ ರಾಜ್ಯದ ಸೂತ್ರವೆಲ್ಲ ಲಿಂಗಾಯತರ ಕೈಗೆ ಹೋದೀತು ಎಂಬುದೇ ಆ ಅಂಜಿಕೆ. ಅದು ಬರಿಯ ಕಲ್ಪನೆಯಾಗಿರಲಿಲ್ಲವೆಂಬುದನ್ನು ಮುಂದಿನ ಕಾಲವೇ ತೋರಿಸಿತು: 1956ರಿಂದ 1971ರ ವರೆಗೆ ಮುಖ್ಯಮಂತ್ರಿಗಳಾದ ನಿಜಲಿಂಗಪ್ಪ, ಜತ್ತಿ, ಕಂಠಿ, ವೀರೇಂದ್ರ ಪಾಟೀಲ ಈ ನಾಲ್ವರೂ ಆ ಸಮಾಜದವರೇ. ಪುಟ್ಟಪ್ಪನವರೂ ಹುಟ್ಟಿನಿಂದ ಅದೇ ಸಮಾಜದವರು. ಅವರ ಏಕೀಕರಣದ ಬರಹವನ್ನು ಜಾತಿಯ ಹಂಬಲವೆಂದು ಹಳಿಯುವುದು ಒಲ್ಲದವರಿಗೆ ಸುಲಭವಾಗಿದ್ದಿತು. ಅದಕ್ಕೆ ಉತ್ತರವನ್ನು ಅವರ ಪತ್ರಿಕೆಗಳ ಹೆಸರುಗಳಲ್ಲಿಯೇ ಹುಡುಕಬಹುದು. ವಿಶಾಲ ಕರ್ನಾಟಕ, ನವಯುಗ, ಪ್ರಪಂಚ, ಸಂಗಮ, ವಿಶ್ವವಾಣಿ. ಒಂದರಲ್ಲಿಯೂ ಜಾತಿಯ, ಪಂಥದ, ಊರಿನ ಹೆಸರಿಲ್ಲ. ಹಳಕಟ್ಟಿಯವರ 'ಶಿವಾನುಭವ'ವು ಓಲೆಗರಿಗಳಲ್ಲಿ ಅಡಗಿದ್ದ ಶರಣರ ಮಾತನ್ನು ಬೆಳಕಿಗೆ ತರುವುದಕ್ಕಾಗಿ ಹುಟ್ಟಿದುದು. ಆ ಕೆಲಸಕ್ಕೆ ಆ ಹೆಸರೇ ತಕ್ಕುದು. ಪುಟ್ಟಪ್ಪನವರ ಕೆಲಸ ಬೇರೆಯಾಗಿದ್ದಿತು. ಕುಲವನ್ನು ಕೇಳದೆ ಓದುಗರನ್ನು ಕೂಡಿಸಬೇಕಾಗಿದ್ದಿತು. ಶರಣರ ಮನೆಯಲ್ಲಿ ಹುಟ್ಟಿದವನು ಆ ದಾರಿಯನ್ನು ಹಿಡಿದುದೇ ಹೆಚ್ಚು ಒಪ್ಪುವ ಮಾತು.

1953ರಲ್ಲಿ ಅದರಗುಂಚಿಯ ಶಂಕರಗೌಡ ಪಾಟೀಲರು ಏಕೀಕರಣಕ್ಕಾಗಿ ಉಪವಾಸ ಕುಳಿತರು. ಆ ದಿನಗಳಲ್ಲಿಯೇ ಹುಬ್ಬಳ್ಳಿಯಲ್ಲಿ ಜನರು ರೊಚ್ಚಿಗೆದ್ದು ಗಲಭೆಯಾಯಿತು. ಅದೇ ವರ್ಷ ಫಜಲ್ ಅಲಿಯವರ ಆಯೋಗ ನೇಮಕವಾಯಿತು. ಮೈಸೂರಿನ ಮುಖ್ಯಮಂತ್ರಿಗಳಾಗಿದ್ದ ಕೆಂಗಲ್ ಹನುಮಂತಯ್ಯನವರು ತಮ್ಮ ಕಡೆಯವರನೇಕರ ಅಸಮಾಧಾನವನ್ನು ಹೊತ್ತುಕೊಂಡು ಏಕೀಕರಣದ ಪಕ್ಷವನ್ನು ಹಿಡಿದರು. ಅದರಿಂದ ಅವರಿಗೆ ಲಾಭವೇನೂ ಆಗಲಿಲ್ಲ. ಏಕೀಕೃತ ರಾಜ್ಯಕ್ಕೆ ಅವರು ಮುಖ್ಯಮಂತ್ರಿಗಳಾಗಲಿಲ್ಲ. ಉತ್ತರದವರು ಈ ಋಣವನ್ನು ಎಷ್ಟು ಸಲ ನೆನೆದರೂ ಕಡಮೆಯೇ. 1956ರ ನವೆಂಬರ್ 1ರಂದು ಹರಿಹರದ ಸೇತುವೆಯ ಎರಡು ದಡಗಳೂ ಒಂದೇ ಸರ್ಕಾರದವಾದುವು. ಹೆಸರು ಮಾತ್ರ ಮೈಸೂರು ರಾಜ್ಯವೆಂದೇ ಉಳಿಯಿತು.

ಪುಟ್ಟಪ್ಪನವರು 1962ರಲ್ಲಿ ರಾಜ್ಯಸಭೆಯ ಸದಸ್ಯರಾದರು. 1974ರ ವರೆಗೆ, ಎರಡು ಅವಧಿಗಳು, ಹನ್ನೆರಡು ವರ್ಷ. ಕಾಂಗ್ರೆಸ್ ಪಕ್ಷದ ಸದಸ್ಯತ್ವವದು. ಪತ್ರಿಕೆಯ ಸಂಪಾದಕನು ಪಕ್ಷದ ಪೀಠದಲ್ಲಿ ಕುಳಿತಾಗ ಎರಡು ಧರ್ಮಗಳು ಎದುರುಬದುರಾಗುವುವು. ಸಂಪಾದಕನು ಕಂಡುದನ್ನು ಬರೆಯಬೇಕು. ಸದಸ್ಯನು ಪಕ್ಷದ ಆಣತಿಯಂತೆ ಕೈ ಎತ್ತಬೇಕು. ಮಹಾಜನ ಆಯೋಗದ ಕಾಲವೂ, 1969ರಲ್ಲಿ ಕಾಂಗ್ರೆಸ್ಸು ಇಬ್ಭಾಗವಾದ ಕಾಲವೂ ಅವರ ಸದಸ್ಯತ್ವದ ಅವಧಿಯೊಳಗೇ ಬಂದುವು. ಆ ಒಡಕಿನಲ್ಲಿ ಒಂದು ಬಣಕ್ಕೆ ತಲೆಯಾಳಾಗಿ ನಿಂತವರು ಕನ್ನಡಿಗರೇ ಆದ ನಿಜಲಿಂಗಪ್ಪನವರು. ಇಂತಹ ಸಮಯದಲ್ಲಿ ದಿಲ್ಲಿಯಲ್ಲಿ ಬಾಗಿ ನಡೆದವರಿಗೆ ಪದವಿಗಳು ದೊರೆತುವು. ಪುಟ್ಟಪ್ಪನವರು ಮಂತ್ರಿಗಳಾಗಲಿಲ್ಲ. ಹನ್ನೆರಡು ವರ್ಷಗಳಾದ ಬಳಿಕ ಹಿಂದಿರುಗಿದರು. ಹುಬ್ಬಳ್ಳಿ ಧಾರವಾಡಗಳು ಅವರಿಗಾಗಿ ಕಾದಿದ್ದುವು.

ಅವರು ಆ ಸಭೆಯಲ್ಲಿದ್ದಾಗಲೇ ನಡೆದ ಒಂದು ಸಂಗತಿಯನ್ನು ಬಿಡುವಂತಿಲ್ಲ. ಮೈಸೂರು ರಾಜ್ಯದ ಹೆಸರನ್ನು ಕರ್ನಾಟಕವೆಂದು ಬದಲಿಸುವ ಶಾಸನವು 1973ರಲ್ಲಿ ಪಾರ್ಲಿಮೆಂಟಿನಲ್ಲಿ ಅಂಗೀಕೃತವಾಗಿ, ಆ ವರ್ಷದ ನವೆಂಬರ್ 1ರಿಂದ ಜಾರಿಗೆ ಬಂದಿತು. ದೇವರಾಜ ಅರಸರು ಆಗ ಮುಖ್ಯಮಂತ್ರಿಗಳು. ಇಪ್ಪತ್ತಾರು ವರ್ಷಗಳ ಹಿಂದೆ ಪತ್ರಿಕೆಯ ನೆತ್ತಿಯ ಮೇಲೆ ಅಚ್ಚಾಗುತ್ತಿದ್ದ ನಾಡಿನ ಹೆಸರು ಸರ್ಕಾರದ ಮುದ್ರೆಯ ಮೇಲೆ ಬಂದಿತು.

ರಾಜ್ಯಸಭೆಯಿಂದ ಹೊರಬಂದ ಮೇಲೆಯೇ ಅವರ ರಾಜಕಾರಣದ ಹೆಚ್ಚು ಫಲಕಾರಿಯಾದ ಭಾಗ ನಡೆಯಿತೆಂದು ಹೇಳಿದರೆ ತಪ್ಪಾಗದು. ಪ್ರೌಢಶಾಲೆಗಳಲ್ಲಿ ಕನ್ನಡವನ್ನು ಓದದೆಯೇ, ಪ್ರಥಮ ಭಾಷೆಯಾಗಿ ಸಂಸ್ಕೃತವನ್ನಾರಿಸಿಕೊಂಡು ಮಕ್ಕಳು ತೇರ್ಗಡೆಯಾಗುವ ಅನುಕೂಲವಿದ್ದಿತು. ಈ ವಿಷಯವನ್ನು ಪರಿಶೀಲಿಸಲು ನೇಮಿತವಾದ ವಿ. ಕೃ. ಗೋಕಾಕರ ಸಮಿತಿಯು 1981ರಲ್ಲಿ ವರದಿಯನ್ನೊಪ್ಪಿಸಿ, ಕನ್ನಡವೊಂದೇ ಪ್ರಥಮ ಭಾಷೆಯಾಗಿರತಕ್ಕದ್ದೆಂದಿತು. ಸರ್ಕಾರವು ಹಿಂದುಮುಂದು ನೋಡಿತು. ಆಗ ಧಾರವಾಡದ ಸಾಹಿತಿಗಳು ಬೀದಿಗಿಳಿದರು. ಮುಂಚೂಣಿಯಲ್ಲಿ ಅರವತ್ತು ದಾಟಿದ ಪುಟ್ಟಪ್ಪನವರಿದ್ದರು. 1982ರಲ್ಲಿ ನಟಸಾರ್ವಭೌಮ ರಾಜಕುಮಾರರು ಚಳವಳಿಗೆ ಇಳಿದ ಮೇಲೆ ಅದು ನಾಡಿನ ಮೂಲೆಮೂಲೆಗೂ ಹಬ್ಬಿತು. ಏಕೀಕರಣದ ಕಾಲದಲ್ಲಿ ಅಳೆದು ತೂಗಿ ಮಾತನಾಡಿದ್ದ ಹಳೆಯ ಮೈಸೂರಿನ ಊರುಗಳು ಈ ಸಲ ಹಿಂದೆ ನಿಲ್ಲಲಿಲ್ಲ. ತಮ್ಮ ಮನೆಯ ಮಕ್ಕಳ ಶಾಲೆಯ ಪ್ರಶ್ನೆಯಾದಾಗ ಕಡೂರಿನವರಿಗೂ ಧಾರವಾಡದವರ ಹಸಿವು ಎಂತಹದೆಂದು ಗೊತ್ತಾಯಿತು.

ಆಮೇಲೆ ಬಂದ ರಾಮಕೃಷ್ಣ ಹೆಗಡೆಯವರ ಸರ್ಕಾರದ ಕಾಲದಲ್ಲಿ ಕನ್ನಡ ಕಾವಲು ಸಮಿತಿಯ ಮೊದಲ ಅಧ್ಯಕ್ಷತೆ ಪುಟ್ಟಪ್ಪನವರ ಪಾಲಿಗೆ ಬಂದಿತು. 'ಕಾವಲು' ಎಂಬ ಮಾತಿನ ಸ್ವಾರಸ್ಯವು ಅಜ್ಜಂಪುರದ ಕಡೆಯವರಿಗೆ ಚೆನ್ನಾಗಿ ತಿಳಿಯುವುದು. ಅಲ್ಲಿಯ ಅಮೃತಮಹಲ್ ದನಗಳಿಗಾಗಿ ಬಿಟ್ಟ ಹುಲ್ಲುಗಾವಲಿಗೂ ಕಾವಲೆಂದೇ ಹೆಸರು. ಯಾರೂ ಉಳದೆ, ಯಾರೂ ಒತ್ತುವರಿ ಮಾಡದೆ ಉಳಿದರೆ ಮಾತ್ರ ಅದು ಕಾವಲು; ಕಣ್ಣು ತಪ್ಪಿದರೆ ಬದು ಸರಿಯುವುದು. ಕಚೇರಿಗಳಲ್ಲಿ ಕನ್ನಡದ ಪಾಡೂ ಅದೇ. 1963ರಲ್ಲಿಯೇ ಕನ್ನಡವು ಆಡಳಿತ ಭಾಷೆಯೆಂದು ಶಾಸನವಾಗಿದ್ದರೂ ಇಪ್ಪತ್ತು ವರ್ಷಗಳಲ್ಲಿ ಇಂಗ್ಲಿಷಿನ ಬದು ಸರಿಯುತ್ತಲೇ ಬಂದಿದ್ದಿತು. ಅಧ್ಯಕ್ಷರು ಜಿಲ್ಲೆಜಿಲ್ಲೆಗೆ ಹೋಗಿ ಕಡತಗಳನ್ನು ತೆಗೆಸಿ ನೋಡಿದರು. ಕನ್ನಡದಲ್ಲಿ ಬರೆಯದ ಅಧಿಕಾರಿಗಳನ್ನು ಅವರವರ ಕಚೇರಿಯಲ್ಲಿಯೇ ಪ್ರಶ್ನಿಸಿದರು. ಹೀಗೆ ಗದರುವುದರಿಂದ ಭಾಷೆ ಬೆಳೆಯುವುದೇ ಎಂದು ಮೂಗುಮುರಿದವರೂ ಇದ್ದರು. ಗದರಿಕೆಯಿಂದ ಭಾಷೆ ಬೆಳೆಯದು, ನಿಜ. ಆದರೆ ತಾಲ್ಲೂಕು ಕಚೇರಿಯ ಬಾಗಿಲಿನಲ್ಲಿ ಕೈಮುಗಿದು ನಿಂತ ರೈತನಿಗೆ ತನ್ನ ಅರ್ಜಿಗೆ ಬಂದ ಉತ್ತರವನ್ನು ಇನ್ನೊಬ್ಬರಿಂದ ಓದಿಸಿಕೊಳ್ಳದೆ ತಿಳಿದುಕೊಳ್ಳುವ ಅವಕಾಶವಾದರೂ ಆದೀತು.

ಕರ್ನಾಟಕ ವಿದ್ಯಾವರ್ಧಕ ಸಂಘದ ಅಧ್ಯಕ್ಷರಾಗಿ ಅವರು ಸುಮಾರು ಅರ್ಧ ಶತಮಾನ ಇದ್ದರು. ಇಷ್ಟು ದೀರ್ಘಕಾಲ ಒಂದೇ ಪೀಠದಲ್ಲಿ ಒಬ್ಬರೇ ಕುಳಿತಿರಬಹುದೇ, ಕಿರಿಯರಿಗೆ ಎಡೆಮಾಡಿ ಕೊಡಬಾರದಾಗಿತ್ತೇ ಎಂದು ಕೇಳಿದರೆ, ಕೇಳಿದವರದು ತಪ್ಪಲ್ಲ. ಸಂಸ್ಥೆಗಳಿಗೆ ಹೊಸ ನೀರು ಬೇಕು. ಆದರೆ ಸಾಹಿತಿಯಾಗಲಿ ರೈತನಾಗಲಿ ಸರ್ಕಾರದೊಡನೆ ಜಗಳವಿದ್ದಾಗ ಬಂದು ನಿಲ್ಲುವ ಅಂಗಳವಾಗಿ ಅವರು ಆ ಸಂಘವನ್ನು ಇಟ್ಟುಕೊಂಡಿದ್ದರೆಂಬುದನ್ನೂ ಅದರೊಡನೆಯೇ ಹೇಳಬೇಕು. ಅವರ ಲೇಖನಿಗೂ ಈ ಎರಡು ಮುಖಗಳಿದ್ದುವು. ಒಮ್ಮೊಮ್ಮೆ ಅವಸರದಲ್ಲಿ ಖಾರವಾಗಿ ಬರೆದುಬಿಡುವರು. ಆದರೆ ಯಾರ ಮುಖವನ್ನೂ ನೋಡಿ ಬರೆಯಲಿಲ್ಲ. 'ಶಿಲಾಬಾಲಿಕೆ ನುಡಿದಳು' ಎಂಬ ಕಥಾಸಂಗ್ರಹವನ್ನು ತಂದ ಕಥೆಗಾರರು ಪತ್ರಿಕೆಯ ಗಡಿಬಿಡಿಯಲ್ಲಿ ಹಿಂದೆ ಸರಿದುದು ಸಾಹಿತ್ಯಕ್ಕೆ ನಷ್ಟವೇ.

2003ರಲ್ಲಿ ಬೆಳಗಾವಿಯಲ್ಲಿ ಸೇರಿದ 70ನೆಯ ಕನ್ನಡ ಸಾಹಿತ್ಯ ಸಮ್ಮೇಲನಕ್ಕೆ ಅವರು ಅಧ್ಯಕ್ಷರಾದರು. ಗಡಿಯ ತಕರಾರು ಆರದ ಆ ಊರಿನಲ್ಲಿ, ಗಡಿಯ ವಿಷಯದಲ್ಲಿ ಒಂದಂಗುಲವೂ ಸಡಿಲಿಸದವರನ್ನು ಆ ಪೀಠದಲ್ಲಿ ಕೂರಿಸಿದುದು ಅರಿತೇ ಮಾಡಿದ ಆಯ್ಕೆಯೆಂದು ತೋರುವುದು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ನಾಡೋಜ ಪದವಿಯನ್ನಿತ್ತು ಗೌರವಿಸಿತು. ತೊಂಬತ್ತು ದಾಟಿದ ಮೇಲೆಯೂ ಸಭೆಗಳಿಗೆ ಬರುತ್ತಿದ್ದರು, ಬರೆಯುತ್ತಿದ್ದರು.

2020ರ ಮಾರ್ಚ್ 16ರಂದು ಹುಬ್ಬಳ್ಳಿಯಲ್ಲಿ, ತೊಂಬತ್ತೊಂಬತ್ತು ವರ್ಷ ಎರಡು ತಿಂಗಳ ವಯಸ್ಸಿನಲ್ಲಿ, ಪುಟ್ಟಪ್ಪನವರು ಲಿಂಗೈಕ್ಯರಾದರು. ಅದರ ಮರುವಾರವೇ ಮಹಾಮಾರಿಯ ದೆಸೆಯಿಂದ ದೇಶವೆಲ್ಲ ಬಾಗಿಲು ಮುಚ್ಚಿ, ರೈಲುಗಳೂ ನಿಂತುವು. ಅವರ ದೇಹವನ್ನು ರಾಣೆಬೆನ್ನೂರು ತಾಲ್ಲೂಕಿನ ಹಲಗೇರಿಗೆ ಒಯ್ದು, ಬಾಲ್ಯದಲ್ಲಿ ಅಕ್ಷರ ಕಲಿತ ಆ ಊರಿನ ಮಣ್ಣಿನಲ್ಲಿಯೇ ಸಮಾಧಿ ಮಾಡಿದರು.