ಮೊದಲ ಸಂದರ್ಶನದ ಉಡುಪು

ಕೆಲಸವನ್ನರಸಿ ಮೊತ್ತಮೊದಲ ಸಂದರ್ಶನಕ್ಕೆ ಹೊರಟ ತರುಣನಾಗಲಿ ತರುಣಿಯಾಗಲಿ, ಪ್ರಮಾಣಪತ್ರಗಳನ್ನು ಜೋಡಿಸಿಡುವಾಗ ತೋರುವ ಶ್ರದ್ಧೆಯಲ್ಲಿ ಕಾಲುಭಾಗವನ್ನಾದರೂ ತಾವು ಉಡುವ ವಸ್ತ್ರದ ವಿಷಯದಲ್ಲಿ ತೋರಿದರೆ, ಆ ಬೆಳಗಿನ ಅರ್ಧ ತಳಮಳ ತಾನಾಗಿಯೇ ಶಮನವಾದೀತು. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಮುಪ್ಪಿನಲ್ಲಿಯೂ ಸುಕ್ಕಿಲ್ಲದ ಕೋಟು, ಒಪ್ಪವಾದ ಮೈಸೂರು ಪೇಟಗಳಿಲ್ಲದೆ ಜನರೆದುರು ಕಾಣಿಸಿಕೊಳ್ಳುತ್ತಿದ್ದುದು ವಿರಳ. ಆ ಶಿಸ್ತಿನಲ್ಲಿ ಎದುರಿಗಿದ್ದವರ ಕುರಿತ ಗೌರವವೂ ಅಡಗಿತ್ತೆಂದು ನಾನು ಬಗೆಯುತ್ತೇನೆ.

ಹಾಗೆಂದು ಸಾಲ ಮಾಡಿ ಸೂಟು ಹೊಲಿಸಬೇಕಾಗಿಲ್ಲ. ಒಗೆದು ಇಸ್ತ್ರಿ ಮಾಡಿದ ತಿಳಿಬಣ್ಣದ ಅಂಗಿ, ಮೈಗೊಪ್ಪುವ ಷರಾಯಿ, ಇಲ್ಲವೇ ಸಾದಾ ಹತ್ತಿಯ ಸೀರೆ. ಕತ್ತರಿಸಿದ ಉಗುರು, ಬಾಚಿದ ತಲೆ, ಇಷ್ಟು ಸಾಕು. ಸುಗಂಧದ್ರವ್ಯದ ವಿಷಯದಲ್ಲಂತೂ ಜಿಪುಣತನವೇ ಲೇಸು: ಕಿಟಕಿ ಮುಚ್ಚಿದ ಕಿರುಕೋಣೆಯಲ್ಲಿ ಅಭ್ಯರ್ಥಿಗಿಂತ ಮೊದಲು ಅತ್ತರೇ ಮಾತನಾಡತೊಡಗಿದರೆ ಪರೀಕ್ಷಕರು ಸೀನುವರಲ್ಲದೆ ಮೆಚ್ಚರು. ಹೊಚ್ಚಹೊಸ ಬೂಟನ್ನು ಅಂದೇ ಮೊದಲು ತೊಡುವುದೂ ಅವಿವೇಕ. ಹಿಮ್ಮಡಿಯ ಬೊಕ್ಕೆಯತ್ತ ಹರಿದ ಚಿತ್ತ ಪ್ರಶ್ನೆಯತ್ತ ಮರಳುವುದು ಕಷ್ಟ. ಆದಕಾರಣ ಎರಡು ದಿನ ಮುಂಚಿತವಾಗಿಯೇ ಆ ಉಡುಪನ್ನು ಧರಿಸಿ, ಕುರ್ಚಿಯಲ್ಲಿ ಕುಳಿತೆದ್ದು ನೋಡಿ, ಸಡಿಲಗೊಂಡ ಗುಂಡಿಯನ್ನು ಹೊಲಿದು, ಮಳೆಗಾಲವಾದರೆ ಕೊಡೆಯನ್ನೂ ಕೆಸರೊರಸಲೊಂದು ಬಟ್ಟೆಯನ್ನೂ ಚೀಲದೊಳಗಿರಿಸಿಕೊಳ್ಳುವುದು ಉಚಿತ.