ಪೆಟ್ಟಿಗೆಯೊಳಗಣ ಅಭ್ಯಾಸ

ಜರ್ಮನಿಯ ಶಸ್ತ್ರವೈದ್ಯ ಎರಿಕ್ ಮ್ಯೂಹೆ 1985ರಲ್ಲಿ, ಉದರವನ್ನು ಉದ್ದಕ್ಕೆ ಸೀಳದೆ ಕಿರುರಂಧ್ರಗಳ ಮೂಲಕವೇ ಪಿತ್ತಕೋಶವನ್ನು ಹೊರತೆಗೆದಾಗ, ಆತನ ದೇಶದ ಪಂಡಿತರನೇಕರು ಅದನ್ನು ಸಂಶಯದಿಂದಲೇ ಕಂಡರು. ಆದರೂ ಕೆಲವೇ ವರ್ಷಗಳಲ್ಲಿ ಆ ಲ್ಯಾಪರೋಸ್ಕೋಪಿ ವಿಧಾನವು ದೇಶದೇಶಗಳನ್ನು ವ್ಯಾಪಿಸಿ, 1990ರಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ ಅವರಿಂದ ಮುಂಬಯಿಯಲ್ಲಿಯೂ ನೆರವೇರಿತು. ಹರಡಿದ ವೇಗಕ್ಕೆ ಕಲಿಕೆಯು ಸರಿಸಾಟಿಯಾಗಲಿಲ್ಲ. ಪಿತ್ತನಾಳಕ್ಕೆ ಗಾಯವಾಗುವ ಪ್ರಸಂಗಗಳು ಮೊದಲಲ್ಲಿ ಹೆಚ್ಚಿದುವು.

ಕಷ್ಟವಿರುವುದೆಲ್ಲಿ? ಹೊಟ್ಟೆಯ ಭಿತ್ತಿಯ ರಂಧ್ರವೇ ಆಧಾರಬಿಂದುವಾಗುವುದರಿಂದ, ಏತದ ಮರದಂತೆ, ಕೈ ಎಡಕ್ಕೆ ಸರಿದರೆ ಉಪಕರಣದ ತುದಿ ಬಲಕ್ಕೆ ಸರಿಯುತ್ತದೆ. ಕಣ್ಣು ಕೈಯನ್ನು ಬಿಟ್ಟು, ಒಳಗಿಳಿಸಿದ ಕ್ಯಾಮೆರಾದ, ಆಳ ಸರಿಯಾಗಿ ತೋರದ ಪರದೆಯನ್ನು ನಂಬಬೇಕಾಗುತ್ತದೆ. ಅಂಗಾಂಶದ ಮಾರ್ದವವು ಬೆರಳಿಗೆ ನೇರವಾಗಿ ತಿಳಿಯದು. ಬರಿಯ ಗ್ರಂಥಪಾಂಡಿತ್ಯಕ್ಕೆ ಇಲ್ಲಿ ಬೆಲೆ ಕಡಿಮೆಯೆಂದೇ ನನ್ನ ಎಣಿಕೆ.

ಆದುದರಿಂದ ಇಂದಿನ ಶಿಕ್ಷಾರ್ಥಿಯು, ರೋಗಿಯನ್ನು ಮುಟ್ಟುವ ಮುನ್ನ, ಕ್ಯಾಮೆರಾ ಅಳವಡಿಸಿದ ಪೆಟ್ಟಿಗೆಯೊಂದರೊಳಗೆ ರಬ್ಬರಿನ ತುಣುಕುಗಳನ್ನು ಗೂಟದಿಂದ ಗೂಟಕ್ಕೆ ದಾಟಿಸುತ್ತ, ಬಟ್ಟೆಯ ಮೇಲೆ ಬರೆದ ವೃತ್ತವನ್ನು ಗೆರೆ ತಪ್ಪದೆ ಕತ್ತರಿಸುತ್ತ, ದಾರಕ್ಕೆ ಗಂಟು ಹಾಕುತ್ತ, ನೋಡುವವರಿಗೆ ನಗು ಬರಿಸಬಹುದಾದ ಕಾರ್ಯದಲ್ಲಿ ಗಂಟೆಗಟ್ಟಲೆ ಮಗ್ನನಾಗಿರುತ್ತಾನೆ. ನಗುವವರು 2002ರಲ್ಲಿ ಪ್ರಕಟವಾದ, ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಪರೀಕ್ಷೆಯನ್ನು ಗಮನಿಸಬೇಕು: ಕಂಪ್ಯೂಟರಿನ ಕೃತಕ ದೃಶ್ಯದಲ್ಲಿ ಪಳಗಿದ ಕಿರಿಯ ವೈದ್ಯರು ಪಿತ್ತಕೋಶವನ್ನು ಬಿಡಿಸುವ ಕೆಲಸವನ್ನು ಉಳಿದವರಿಗಿಂತ ಶೇಕಡ 29ರಷ್ಟು ಬೇಗ ಮುಗಿಸಿದರು, ತಪ್ಪುಗಳನ್ನೂ ಬಹಳ ಕಡಿಮೆ ಮಾಡಿದರು. ಶಸ್ತ್ರಾಗಾರದಲ್ಲಿಯಾದರೋ ಮೊದಲಿಗೆ ಹಿರಿಯರ ಪಕ್ಕದಲ್ಲಿ ಕ್ಯಾಮೆರಾ ಹಿಡಿಯುವುದೇ ಕೆಲಸ. ಅಲ್ಲಿಯೇ ಅವನು, ಪಿತ್ತಕೋಶವನ್ನು ಸೇರುವ ಎರಡೇ ಎರಡು ನಾಳಗಳು ನಿಸ್ಸಂಶಯವಾಗಿ ಕಾಣುವವರೆಗೆ ಯಾವುದನ್ನೂ ಕತ್ತರಿಸಬಾರದೆಂಬ ನಿಯಮವನ್ನು ಕಲಿಯುತ್ತಾನೆ.