ಇಳಕಲ್ಲ ಸೀಮೆಯ ಮಗ್ಗಗಳೂ ಕನ್ನಡಿಗರ ಹೊಣೆಯೂ
(ಇಳಕಲ್ಲದಲ್ಲಿ ನೇಕಾರ ಬಂಧುಗಳ ಮುಂದೆ ಮಾಡಿದ ಭಾಷಣ)



ಬಾದಾಮಿಯ ಗವಿಗಳನ್ನೂ ಪಟ್ಟದಕಲ್ಲಿನ ಗುಡಿಗಳನ್ನೂ ಹೊಗಳಿ ಮಾತಿಗೆ ತೊಡಗುವದು ಈ ಸೀಮೆಗೆ ಬಂದ ಭಾಷಣಕಾರರ ರೂಢಿ. ನಾವೂ ಅದನ್ನು ಪೂರ್ತಿಯಾಗಿ ಬಿಡಲಾರೆವು. ಕನ್ನಡದ ತಿರುಳು ಎಲ್ಲಿರುವದೆಂದು ಹೇಳುವಾಗ ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕಿಸುವೊಳಲನ್ನು, ಅಂದರೆ ಇಂದಿನ ಪಟ್ಟದಕಲ್ಲನ್ನು, ಕೊಪಣ, ಪುಲಿಗೆರೆ, ಒಂಕುಂದಗಳೊಡನೆ ಹೆಸರಿಸಿದೆ. ಆದರೆ ತಿರುಳೆನಿಸಿಕೊಂಡ ಈ ನಾಡಿನ ನೇಕಾರನು ತನ್ನ ಮಗನನ್ನು ಮಗ್ಗದಿಂದೆಬ್ಬಿಸಿ ಗೋವೆಗೋ ಮಂಗಳೂರಿಗೋ ಕಲ್ಲುಮಣ್ಣು ಹೊರುವದಕ್ಕೆ ಕಳಿಸುತ್ತಿರುವಾಗ, ಚಾಲುಕ್ಯರ ವೈಭವವನ್ನು ಎಷ್ಟು ಹೊತ್ತು ವರ್ಣಿಸಿದರೇನು? ಪುಲಕೇಶಿಯ ಕೀರ್ತಿಯಿಂದ ಒಲೆ ಹೊತ್ತುವದಿಲ್ಲ. ಆದುದರಿಂದ ಗತವೈಭವವನ್ನು ಇಲ್ಲಿಗೆ ನಿಲ್ಲಿಸಿ ನಿಮ್ಮ ಮಗ್ಗದ ಮಾತಿಗೆ ಬರುತ್ತೇವೆ.

ಇಳಕಲ್ಲ ಸೀರೆಯೆಂದರೇನೆಂಬದನ್ನು ನಿಮಗೆ ಹೇಳುವದು ಅಧಿಕಪ್ರಸಂಗವೇ ಸರಿ. ಆದರೂ ಅದನ್ನು ಉಡುವವರಲ್ಲಿ ಬಹುಮಂದಿಗೆ ಅದರ ಮರ್ಮ ತಿಳಿಯದಾದ ಕಾರಣ ಎರಡು ಮಾತು ಆಡಲೇಬೇಕು. ಒಡಲಿನ ಹಾಸು ಹತ್ತಿಯದು. ಸೆರಗಿನ ಹಾಸು ರೇಷ್ಮೆಯದು. ಈ ಎರಡು ಹಾಸುಗಳನ್ನು ಎಳೆಯೆಳೆಯಾಗಿ ಕೊಂಡಿ ಹಾಕಿ ಕೂಡಿಸುವದೇ ಈ ಸೀರೆಯ ಜೀವಾಳ. ಬೇರೆ ಊರುಗಳಲ್ಲಿ ಒಂದೇ ಹಾಸಿನ ಮೇಲೆ ಹಲವು ಸೀರೆಗಳನ್ನು ನೇಯುತ್ತ ಹೋಗಬಹುದು. ಇಲ್ಲಿ ತೋಪುತೆನೆಯ ಸೆರಗು ಬೇಕೆಂದರೆ ಸೀರೆಗೊಂದು ಹಾಸನ್ನು ಹೊಸದಾಗಿ ಸಿದ್ಧಮಾಡಬೇಕು. ಕೆಂಪು ಸೆರಗಿನ ಮೇಲೆ ಬಿಳಿದಾಗಿ ಏಳುವ ಆಕೃತಿಗಳನ್ನು ನೋಡಿರಿ: ಹಣಿಗೆಯ ಹಲ್ಲು, ಕೋಟೆಯ ತೆನೆ, ಜೋಳದ ತೆನೆ, ಬೆಟ್ಟದ ಸಾಲು. ಈ ನೆಲದಲ್ಲಿ ಕಣ್ಣಿಗೆ ಬಿದ್ದುದೆಲ್ಲವನ್ನೂ ನೇಕಾರನು ಸೆರಗಿಗೆ ತಂದಿರಿಸಿದ್ದಾನೆ. ಕುಣಿಮಗ್ಗದಲ್ಲಿ ಇಂಥ ಒಂದು ಸೀರೆಗೆ ಸುಮಾರು ಏಳು ದಿನಗಳು ಬೇಕಾಗುವವು. ಆ ಏಳು ದಿನಗಳಲ್ಲಿ ಮಗ್ಗದ ಮೇಲೆ ಕೂತವನೊಬ್ಬನೇ ದುಡಿಯುವದಿಲ್ಲ. ನೂಲು ಬಿಡಿಸುವವಳು, ಕಂಡಿಕೆ ಸುತ್ತುವವಳು, ಹಾಸಿಗೆ ಎಳೆ ಕೂಡಿಸುವವಳು ಇವರೆಲ್ಲ ಮನೆಯ ಹೆಣ್ಣುಮಕ್ಕಳು. ಕೂಲಿಯನ್ನಾದರೋ ಸೀರೆಯ ಲೆಕ್ಕದಿಂದ ನೇಕಾರನ ಕೈಗೆ ಕೊಡುವರು. ಇವರ ಕೆಲಸಕ್ಕೆ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ.

ಗುಳೇದಗುಡ್ಡದ ಖಣದ ಕಥೆಯೂ ಹೆಚ್ಚು ಬೇರೆಯಲ್ಲ. ಇಳಕಲ್ಲ ಸೀರೆ, ಗುಳೇದಗುಡ್ಡದ ಖಣ ಇವೆರಡನ್ನೂ ಒಟ್ಟಿಗೆ ಹೆಸರಿಸುವದು ನಮ್ಮ ಹೆಣ್ಣುಮಕ್ಕಳ ವಾಡಿಕೆ. ಮಹಾರಾಷ್ಟ್ರದವರು ನಿಮ್ಮ ಸೀರೆಗೆ ಇರಕಲ್ ಎಂದು ಹೆಸರಿಟ್ಟುಕೊಂಡು ತಲೆಮಾರುಗಳಿಂದ ಉಟ್ಟಿದ್ದಾರೆ. ಮೈಸೂರು ಸೀಮೆಯ ಕನ್ನಡಿತಿಯರಿಗಿಂತ ಅವರೇ ಇದನ್ನು ಹೆಚ್ಚು ಬಲ್ಲವರೆಂಬದನ್ನು ಕನ್ನಡಿಗರು ತುಸು ನಾಚಿಕೆಯಿಂದಲೇ ಒಪ್ಪಿಕೊಳ್ಳಬೇಕು.

ಇನ್ನು ಸಾವಕಾರನ ವಿಷಯ. ಸಭೆಗಳಲ್ಲಿ ಸಾವಕಾರನನ್ನು ಬೈದರೆ ಚಪ್ಪಾಳೆ ಬರುವದು. ಚಪ್ಪಾಳೆಯ ಆಸೆ ನಮಗಿಲ್ಲ. ನೂಲು ಅವನದು, ನಕ್ಷೆ ಅವನದು, ಮಾರಾಟ ಅವನದು. ನೇಕಾರನಿಗೆ ಮಜೂರಿ ಮಾತ್ರ. ಇದು ಅನ್ಯಾಯವೇ. ಆದರೆ ಮಗಳ ಮದುವೆ ಗೊತ್ತಾದ ದಿನ, ಮುದುಕಿ ತಾಯಿ ಹಾಸಿಗೆ ಹಿಡಿದ ರಾತ್ರಿ, ಮಳೆಗಾಲದಲ್ಲಿ ಸೀರೆಗೆ ಗಿರಾಕಿಯಿಲ್ಲದ ತಿಂಗಳು, ಮುಂಗಡವನ್ನು ಕೊಡುವವನು ಯಾರು? ಅವನೇ. ನೇಕಾರರ ಸಹಕಾರಿ ಸಂಘಗಳು ಅನೇಕ ಕಡೆ ಹುಟ್ಟಿ ಬಾಡಿಹೋದುದಕ್ಕೆ ಅಧಿಕಾರಿಗಳು ನೂರು ಕಾರಣ ಹೇಳುವರು. ನಮ್ಮ ಎಣಿಕೆಯಲ್ಲಿ ಮುಖ್ಯ ಕಾರಣವೊಂದೇ: ಸಂಘವು ನೂಲನ್ನು ಕೊಟ್ಟಿತು, ಸೀರೆಯನ್ನು ಕೊಂಡಿತು, ಆದರೆ ಆಪತ್ತಿನ ರಾತ್ರಿಯಲ್ಲಿ ಅದರ ಬಾಗಿಲು ಮುಚ್ಚಿತ್ತು. ಮುಂಗಡಕ್ಕಾಗಿ ಸಾವಕಾರನ ಕಟ್ಟೆ ಏರಿದವನು ಮರುದಿನ ಸೀರೆಯನ್ನೂ ಅಲ್ಲಿಗೇ ಒಯ್ಯಬೇಕಾಯಿತು.

ಸಹಕಾರವೆಂಬದು ವಿಲಾಯತಿಯಿಂದ ಬಂದ ವಿದ್ಯೆ, ನಮ್ಮ ಹಳ್ಳಿಗರಿಗೆ ಒಗ್ಗಲಾರದೆಂದು ಹೇಳುವವರುಂಟು. ಅವರು ಗದಗಿನ ಹತ್ತಿರದ ಕಣಗಿನಹಾಳಕ್ಕೆ ಹೋಗಿಬರಲಿ. ೧೯೦೪ರಲ್ಲಿ ಸರಕಾರವು ಸಹಕಾರಿ ಪತ್ತಿನ ಸಂಘಗಳ ಕಾಯದೆಯನ್ನು ಮಾಡಿತು. ೧೯೦೫ರಲ್ಲಿಯೇ ಶಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಆ ಹಳ್ಳಿಯ ಒಕ್ಕಲಿಗರನ್ನು ಕೂಡಿಸಿ ಸಂಘವನ್ನು ಕಟ್ಟಿದರು. ಅವರು ಆರಂಭಿಸಿದ್ದು ಮಾರಾಟದಿಂದಲ್ಲ, ಪತ್ತಿನಿಂದ. ನೇಕಾರರೂ ಆ ತುದಿಯಿಂದಲೇ ಹಿಡಿಯಬೇಕೆಂಬದು ನಮ್ಮ ಬಿನ್ನಹ. ಮೊದಲು ಆಪದ್ಧನ, ಆಮೇಲೆ ನೂಲಿನ ಕೋಠಿ, ಕಟ್ಟಕಡೆಗೆ ಮಾರಾಟದ ಅಂಗಡಿ.

ನಿಮ್ಮ ಜಿಲ್ಹೆಯಲ್ಲಿಯೇ ಇನ್ನೊಂದು ನಿದರ್ಶನವಿದೆ. ಬಾಗಲಕೋಟೆಯ ಸಮೀಪದ ತುಳಸಿಗೇರಿಯ ಖಾದಿ ಕೇಂದ್ರದಲ್ಲಿ ನೇಯ್ದ ಬಟ್ಟೆಯಿಂದ ರಾಷ್ಟ್ರಧ್ವಜವಾಗುವದು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ೧೯೫೭ರಲ್ಲಿ ಸ್ಥಾಪಿತವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಆ ಬಟ್ಟೆಯನ್ನು ಬಣ್ಣ ಕಟ್ಟಿ, ಚಕ್ರ ಮುದ್ರಿಸಿ, ಹೊಲಿಯುವರು. ಈ ಕೆಲಸದ ಬಹುಭಾಗ ಹೆಂಗಸರದು. ಬರದ ಸೀಮೆಯ ಹೆಣ್ಣುಮಕ್ಕಳ ಕೈಯಿಂದ ರಾಷ್ಟ್ರದ ಬಾವುಟ ಏಳುವದೆಂಬದು ಎಂಥ ಹೆಮ್ಮೆಯ ಮಾತು! ಆದರೆ ೧೯೨೧ರಲ್ಲಿ ಗಾಂಧೀಜಿ ಚರಕವನ್ನು ಕೂಡಿಸಿ ಕಲ್ಪಿಸಿದ ಬಾವುಟದ ಪರಂಪರೆಗೆ ೨೦೨೧ರ ಡಿಸೆಂಬರದಲ್ಲಿ ಹೊಸ ತಿದ್ದುಪಡಿ ಬಂದಿತು. ಯಂತ್ರದ ಬಟ್ಟೆ, ಪಾಲಿಸ್ಟರ ಬಟ್ಟೆಗಳಿಂದಲೂ ಧ್ವಜವನ್ನು ಮಾಡಬಹುದೆಂದಾಯಿತು. ಮರುವರುಷವೇ ಬೆಂಗೇರಿಯವರು ಪ್ರತಿಭಟನೆಗೆ ಇಳಿಯಬೇಕಾಯಿತು. ಕಾಯದೆಯಿಂದ ಉಳಿದಿದ್ದ ಕಸಬು ಕಾಯದೆಯ ಒಂದು ಸಾಲಿನಿಂದ ಅಲುಗಿತು. ೧೯೮೫ರ ಕೈಮಗ್ಗ ಮೀಸಲಾತಿ ಕಾಯದೆಯನ್ನೇ ನೆಚ್ಚಿ ಕುಳಿತಿರುವ ನೇಕಾರರು ಇದನ್ನು ಲಕ್ಷ್ಯದಲ್ಲಿಟ್ಟುಕೊಳ್ಳಬೇಕು.

ವಿದ್ಯುತ್ ಮಗ್ಗವನ್ನು ಶತ್ರುವೆಂದು ನಾವು ಕರೆಯುವದಿಲ್ಲ. ರಬಕವಿ, ಬನಹಟ್ಟಿಗಳಲ್ಲಿ ಎಷ್ಟೋ ಮನೆಗಳು ಅದರಿಂದ ಉಣ್ಣುತ್ತಿವೆ. ಅದು ತನ್ನ ಹೆಸರಿನಲ್ಲಿ ತನ್ನ ಬಟ್ಟೆಯನ್ನು ಮಾರಲಿ. ಕೈಮಗ್ಗದ ಹೆಸರು ಹಚ್ಚಿ ಮಾರುವದು ಮಾತ್ರ ಮೋಸ. ಇಳಕಲ್ಲ ಕೈಮಗ್ಗದ ಸೀರೆಗೆ ಭೌಗೋಲಿಕ ಸೂಚಕದ ನೋಂದಣಿ ದೊರೆತಿದೆ. ಆದರೆ ಅಂಗಡಿಯಲ್ಲಿ ಕುಳಿತ ಗಿರಾಕಿಗೆ ನೋಂದಣಿ ಕಾಣುವದಿಲ್ಲ, ಬೆಲೆ ಕಾಣುವದು. ಒಡಲೂ ಸೆರಗೂ ಕೂಡುವಲ್ಲಿ ಬೆರಳಾಡಿಸಿ ಕೊಂಡಿಯ ಸಾಲನ್ನು ಹುಡುಕುವದನ್ನು ನಮ್ಮ ಹೆಣ್ಣುಮಕ್ಕಳಿಗೆ ಕಲಿಸಿದರೆ ಅರ್ಧ ಮೋಸ ಅಲ್ಲಿಯೇ ಹಿಡಿಯಲ್ಪಡುವದು.

ಹಣದ ಮಾತಿನೊಡನೆ ವ್ಯಸನದ ಮಾತನ್ನೂ ಆಡಬೇಕು. ಈ ಊರಿನಲ್ಲಿ ಆಡದಿದ್ದರೆ ಮತ್ತೆಲ್ಲಿ? ಚಿತ್ತರಗಿ–ಇಳಕಲ್ಲ ಸಂಸ್ಥಾನಮಠದ ಮಹಾಂತ ಸ್ವಾಮಿಗಳು ೧೯೭೫ರಲ್ಲಿ ಜೋಳಿಗೆ ಹಿಡಿದು ಹೊರಟಾಗ ಜೋಳವನ್ನು ಬೇಡಲಿಲ್ಲ, ರೊಕ್ಕವನ್ನು ಬೇಡಲಿಲ್ಲ. ನಿಮ್ಮ ಕುಡಿತವನ್ನು, ನಿಮ್ಮ ಚಟವನ್ನು ನೀಡಿರೆಂದು ಬೇಡಿದರು. ಬಸವಣ್ಣನವರು ಐಕ್ಯರಾದ ಕೂಡಲಸಂಗಮದ ನೆರೆಯಲ್ಲಿ ಇಂಥ ಭಿಕ್ಷೆ ಹುಟ್ಟಿದ್ದು ಸಹಜವೇ. ಸ್ವಾಮಿಗಳು ೨೦೧೮ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ ೧ನ್ನು ಸರಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತಿದೆ. ಒಂದು ದಿನದ ಆಚರಣೆಗಿಂತ ಆ ಜೋಳಿಗೆಯ ಜಾಣ್ಮೆ ನಮಗೆ ದೊಡ್ಡದಾಗಿ ತೋರುವದು. ಕೊಡುವವನನ್ನು ಅದು ಬಡವನನ್ನಾಗಿ ಮಾಡುವದಿಲ್ಲ. ಶನಿವಾರದ ಮಜೂರಿ ಮನೆ ಮುಟ್ಟುವಂತೆ ಮಾಡುವದು.

ಈಗ ಏಕೀಕರಣದ ಮಾತು. ನಮ್ಮ ಹಿರಿಯರ ಕಾಲಕ್ಕೆ ಹುನಗುಂದ ತಾಲೂಕು ಮುಂಬಯಿ ಇಲಾಖೆಯದು. ಪಕ್ಕದ ಕುಷ್ಟಗಿ ನಿಜಾಮನದು. ಭಾಷೆ ಒಂದು, ಬೀಗತನ ಒಂದು, ಮಗ್ಗ ಒಂದು. ನಡುವೆ ಸುಂಕದ ಗೆರೆ. ೧೯೫೬ರ ನವೆಂಬರ ೧ರಂದು ಆ ಗೆರೆ ನಕಾಶೆಯಿಂದ ಅಳಿಯಿತು. ೧೯೭೩ರಲ್ಲಿ ನಾಡಿಗೆ ಕರ್ನಾಟಕವೆಂಬ ಹೆಸರೂ ಬಂದಿತು. ಕಾಸರಗೋಡು ಹೊರಗುಳಿದ ನೋವು ಇದ್ದೇ ಇದೆ. ಆದರೆ ಒಳಗೆ ಬಂದವರಾದರೂ ಸಮನಾದರೇ? ಡಾ. ನಂಜುಂಡಪ್ಪನವರ ಸಮಿತಿಯು ೨೦೦೨ರಲ್ಲಿ ನಾಡಿನ ೧೭೫ ತಾಲೂಕುಗಳಲ್ಲಿ ೧೧೪ ಹಿಂದುಳಿದಿವೆಯೆಂದು ಎಣಿಸಿತು. ಸಂವಿಧಾನದ ೩೭೧ (ಜೆ) ಕಲಮಿನಿಂದ ಹಳೆಯ ನಿಜಾಮನ ಸೀಮೆಗೂ ಬಳ್ಳಾರಿಗೂ ವಿಶೇಷ ಸ್ಥಾನ ದೊರೆಯಿತು. ಅದು ನ್ಯಾಯವೇ, ಅದಕ್ಕೆ ನಾವು ಕರುಬುವದಿಲ್ಲ. ಆದರೆ ಫಲವೇನಾಯಿತೆಂದರೆ, ಕುಷ್ಟಗಿಯ ನೇಕಾರನ ಮಗನಿಗೆ ಕಾಲೇಜಿನಲ್ಲಿಯೂ ನೌಕರಿಯಲ್ಲಿಯೂ ಇರುವ ಮೀಸಲು, ಅವನ ಸೋದರಮಾವನಾದ ಇಳಕಲ್ಲದ ನೇಕಾರನ ಮಗನಿಗಿಲ್ಲ. ಅಳಿಸಿದ ಗೆರೆ ಮತ್ತೆ ಮೂಡಿತು. ಎರಡು ಕಡೆಯ ಮಗ್ಗಗಳಿಗೂ ಒಂದೇ ನೂಲಿನ ಕೋಠಿ, ಒಂದೇ ಮುದ್ರೆ, ಒಂದೇ ಮಜೂರಿಯ ದರ ಇರಬೇಕೆಂದು ಕೇಳುವದು ನಮ್ಮ ಪಾಲಿಗೆ ಏಕೀಕರಣದ ಉಳಿದ ಕೆಲಸ. ಇದಕ್ಕೆ ದಿಲ್ಲಿಯ ಅಪ್ಪಣೆ ಬೇಕಾಗಿಲ್ಲ.

ಬಾಗಲಕೋಟೆಯವರು ನಾಡಿಗಾಗಿ ತೆತ್ತ ಬೆಲೆಯನ್ನು ನೆನೆಯಿರಿ. ಆಲಮಟ್ಟಿಯ ನೀರು ಏರಿದಂತೆ ಹಳೆಯ ಊರಿನ ಓಣಿಗಳು ಮುಳುಗಿದವು. ಜನರು ನವನಗರಕ್ಕೆ ಹೋದರು. ಮನೆಗೆ ಪರಿಹಾರ ಬರಬಹುದು. ನೆರೆಹೊರೆಗೆ ಪರಿಹಾರವನ್ನು ಕಟ್ಟುವವರಾರು? ಕಸಬು ಬದುಕುವದು ಓಣಿಯಲ್ಲಿ. ೨೦೦೯–೧೦ರ ಗಣತಿಯಲ್ಲಿ ಭರತಖಂಡದ ಕೈಮಗ್ಗದವರು ೪೩ ಲಕ್ಷಕ್ಕೂ ಮಿಗಿಲಾಗಿದ್ದರು. ೨೦೧೯–೨೦ಕ್ಕೆ ೩೫ ಲಕ್ಷಕ್ಕೆ ಇಳಿದರು. ಹತ್ತು ವರುಷಗಳಲ್ಲಿ ಎಂಟು ಲಕ್ಷ ಜನ! ೨೦೨೦ರಲ್ಲಿ ಅಖಿಲ ಭಾರತ ಕೈಮಗ್ಗ ಮಂಡಳಿಯನ್ನೂ ಎತ್ತಿಹಾಕಿದರು.

ಪಟ್ಟದಕಲ್ಲು ೧೯೮೭ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಬಾದಾಮಿ, ಐಹೊಳೆ, ಕೂಡಲಸಂಗಮಗಳಿಗೆ ದೇಶವಿದೇಶದವರು ಬರುತ್ತಾರೆ. ಒಂದು ಮಗ್ಗವನ್ನೂ ನೋಡದೆ ತಿರುಗಿ ಹೋಗುತ್ತಾರೆ. ಗುಳೇದಗುಡ್ಡ, ಇಳಕಲ್ಲಗಳನ್ನು ಆ ಹಾದಿಗೆ ಕೂಡಿಸುವದು ದೊಡ್ಡ ಖರ್ಚಿನ ಕೆಲಸವಲ್ಲ. ನೇಯುವವನ ಮನೆಯ ಪಡಸಾಲೆಯಲ್ಲಿಯೇ ಸೀರೆ ಮಾರಾಟವಾದರೆ ನಡುವಿನವನ ಪಾಲು ಅವನಿಗೇ ಉಳಿಯುವದು.

ಸಂಘದ ಕರಡು ನಿಯಮಗಳನ್ನು ನಿಮ್ಮ ಹಿರಿಯರು ಇಂದು ಚರ್ಚೆಗೆ ತಂದಿದ್ದಾರೆ. ನಾವು ಒಂದು ತಿದ್ದುಪಡಿಯನ್ನು ಮಾತ್ರ ಸೂಚಿಸುತ್ತೇವೆ: ಮನೆಗೊಂದು ಷೇರು ಎಂದಿರುವಲ್ಲಿ ಎರಡು ಷೇರು ಎಂದಾಗಲಿ, ಒಂದು ಮಗ್ಗದ ಮೇಲೆ ಕೂತವನ ಹೆಸರಿನಲ್ಲಿ, ಇನ್ನೊಂದು ಕಂಡಿಕೆ ಸುತ್ತುವವಳ ಹೆಸರಿನಲ್ಲಿ. ಆಪದ್ಧನದ ಅರ್ಜಿಗೆ ಅವಳ ಸಹಿಯೊಂದೇ ಸಾಲುವಂತಾಗಲಿ. ಇದಕ್ಕೆ ವಿರೋಧವಿದ್ದವರು ಈಗಲೇ ಎದ್ದು ಹೇಳಬೇಕು. ಹೆಣ್ಣುಮಕ್ಕಳು ಸಭೆಯಲ್ಲಿರುವಾಗಲೇ ಹೇಳಬೇಕು.